ಮಧ್ಯಯುಗದ ಮೊದಲ ದಿನ

ಒಂಬತ್ತನೆಯ ಪ್ರಶ್ನೆಯ ಎದುರಿಗಿನ ಜಾಗ ಶನಿವಾರ ಬೆಳಗಿನ ಏಳು ಗಂಟೆಗೂ ಖಾಲಿಯಾಗಿಯೇ ಇತ್ತು. ‘ಭಾರತದ ಇತಿಹಾಸದಲ್ಲಿ ಮಧ್ಯಯುಗವು ಯಾವಾಗ ಆರಂಭವಾಯಿತು? ವಿವರಿಸಿರಿ.’ ಹತ್ತು ಅಂಕ. ಸೋಮವಾರದಿಂದ ಹಾವೇರಿಯಲ್ಲಿ ಬಿ.ಎ. ಪತ್ರಿಕೆಗಳ ಮೌಲ್ಯಮಾಪನ; ಇತಿಹಾಸಕ್ಕೆ ಈ ಸಲ ಲಕ್ಕಪ್ಪನೇ ಮುಖ್ಯಸ್ಥ. ಅವನು ಬರೆದುಕೊಟ್ಟ ಮಾದರಿ ಉತ್ತರವನ್ನು ಮುಂದಿಟ್ಟುಕೊಂಡು ಇಪ್ಪತ್ತು ಜನ ಅಧ್ಯಾಪಕರು ಸಾವಿರಾರು ಹುಡುಗ ಹುಡುಗಿಯರಿಗೆ ಅಂಕ ಹಾಕುವವರಿದ್ದರು. ಉಳಿದ ಪ್ರಶ್ನೆಗಳೆಲ್ಲ ನಿನ್ನೆಯೇ ಮುಗಿದಿದ್ದವು. ಇದಕ್ಕೂ ಬೇಕಾದದ್ದು ಒಂದೇ ಸಾಲು, ಕ್ರಿ.ಶ. ೧೨೦೬, ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದ ವರ್ಷ. ಹನ್ನೊಂದು ವರ್ಷಗಳಿಂದ ತರಗತಿಯಲ್ಲಿ ಅವನು ಅದನ್ನೇ ಬರೆಸುತ್ತ ಬಂದಿದ್ದ, ಯಾರೂ ತಲೆಯೆತ್ತಿ ಏನೂ ಕೇಳದ ಹಾಗೆ, ಪೂರ್ಣವಿರಾಮವನ್ನೂ ಸೇರಿಸಿ. ಆದರೆ ತರಗತಿಯಲ್ಲಿ ಬಾಯಿಂದ ಹೇಳುವುದು ಬೇರೆ. ಕಾಗದದ ಮೇಲೆ ತನ್ನ ಸಹಿಯ ಮೇಲೆಯೇ ಅದನ್ನು ಬರೆಯಬೇಕೆಂದಾಗ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

“ಚಾ ಆರಾಕತ್ತೈತಿ,” ಎಂದಳು ಹೆಂಡತಿ ಪುಷ್ಪಲತಾ.

“ಬ್ಯಾಡಗಿಗೆ ಹೋಗಿ ಬರ್ತೀನಿ.”

“ಯಾಕ?”

“ಪೇಪರ್ ನೋಡೋ ಕ್ಯಾಂಪಿನ ಕೆಲಸ ಐತಿ.”

ಅವಳು ಮುಂದೆ ಕೇಳಲಿಲ್ಲ. ಸುಳ್ಳು ಹೇಳುವಾಗ ಗಂಡ ನೆಲ ನೋಡುತ್ತಾನೆಂಬುದು ಅವಳಿಗೆ ಗೊತ್ತಿತ್ತು, ಅವಳಿಗೆ ಗೊತ್ತೆಂಬುದು ಅವನಿಗೂ ಗೊತ್ತಿತ್ತು. ನಿನ್ನೆ ಕಾಲೇಜಿನ ಕಚೇರಿಯಲ್ಲಿಯೂ ಹೀಗೇ ಆಗಿತ್ತು. ಹಳೆಯ ಪ್ರವೇಶದ ರಜಿಸ್ಟರ್ ಕೇಳಿದಾಗ ಗುಮಾಸ್ತ ಸುನೀಲಕುಮಾರ ಧೂಳು ಕೊಡವುತ್ತ, “ಹನ್ನೊಂದು ವರ್ಷದ ಹಿಂದಿಂದು ಏನ್ ಮಾಡ್ತೀರಿ ಸರ?” ಎಂದಿದ್ದ. ಹಳೆಯ ವಿದ್ಯಾರ್ಥಿಗಳ ಸಂಘ ಎಂದೇನೋ ಲಕ್ಕಪ್ಪ ತೊದಲಿದ್ದ. ಹಾಳೆ ತಿರುವುವಾಗ ಬೆರಳಿಗೆ ಹೆಸರು ಬೇಗ ಸಿಕ್ಕಿತು, ಅಲ್ಲೇ ಕಾದುಕೊಂಡು ಕೂತಿದ್ದ ಹಾಗೆ: ದಿಲನಾಜ, ಶಮಶೇರಸಾಬರ ಮಗಳು, ಸ್ಟೇಷನ್ ರಸ್ತೆ, ಬ್ಯಾಡಗಿ.

ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಕಟಾವಾದ ಮೆಕ್ಕೆಜೋಳದ ಹೊಲಗಳು ಒಂದರ ಹಿಂದೊಂದು ಸರಿಯುತ್ತಿದ್ದವು. ಎಲ್ಲಿ ಒಬ್ಬರ ಹೊಲ ಮುಗಿದು ಇನ್ನೊಬ್ಬರದು ಶುರುವಾಯಿತೆಂದು ಓಡುವ ರೈಲಿನಿಂದ ತಿಳಿಯುತ್ತಿರಲಿಲ್ಲ. ಅವನ ಊರು ಅಗಡಿಯಲ್ಲಿ ಅಪ್ಪನಿಗೆ ಮಾತ್ರ ಪ್ರತಿ ಬದುವೂ ಕಣ್ಣು ಮುಚ್ಚಿದರೂ ಗೊತ್ತಿತ್ತು. ಅದೇ ಅಪ್ಪ, ಹಾವೇರಿ ಬೇರೆ ಜಿಲ್ಲೆಯಾಗಿ ವರ್ಷಗಳೇ ಕಳೆದರೂ, ಕಾಗದದ ಮೇಲೆ ಧಾರವಾಡ ಜಿಲ್ಲೆ ಎಂದೇ ಬರೆಯುತ್ತಿದ್ದ. ಕಾಗದಗಳು ತಪ್ಪದೆ ಮುಟ್ಟುತ್ತಿದ್ದವು. ಅಪ್ಪನ ಅವ್ವ, ಅಂದರೆ ಲಕ್ಕಪ್ಪನ ಅಜ್ಜಿಗೆ, ದೇಶ ಸ್ವತಂತ್ರವಾದ ಸುದ್ದಿ ಗೊತ್ತಾದದ್ದು ಹದಿನೈದು ದಿನ ಕಳೆದ ಮೇಲಂತೆ. ಎಡೆಬಿಡದ ಮಳೆ, ಹಳ್ಳ ಬಂದು ಯಾರೂ ಸಂತೆಗೆ ಹೋಗಿರಲಿಲ್ಲ. ಕೊನೆಗೆ ಉಪ್ಪು ಮಾರುವವನು ಬಂದು ಹೇಳಿದ. ಇದನ್ನೆಲ್ಲ ಅವನು ಹನ್ನೊಂದು ವರ್ಷದ ಹಿಂದೆ ಒಂದು ದಿನ ತರಗತಿಯಲ್ಲಿ ಹೇಳಿದ್ದ. ಯುಗವಿಭಜನೆಯ ಪಾಠ. ಅಂದು ಯಾಕೋ ಪುಸ್ತಕ ಮುಚ್ಚಿಟ್ಟು ಮಾತಾಡಿದ್ದ. ಕೆಲವರು ಹರ್ಷ ಸತ್ತಾಗ ಮಧ್ಯಯುಗ ಬಂತು ಅನ್ನುತ್ತಾರೆ, ಕೆಲವರು ದಿಲ್ಲಿಗೆ ಸುಲ್ತಾನರು ಬಂದಾಗ ಅನ್ನುತ್ತಾರೆ, ನಮ್ಮ ಕಡೆಯ ಲೆಕ್ಕವೇ ಬೇರೆ; ಆದರೆ ಯುಗ ಬದಲಾದ ದಿನ ಅಗಡಿಯ ಹೊಲದಲ್ಲಿ ಎಡೆ ಹೊಡೆಯುತ್ತಿದ್ದವನಿಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ, ಅವನ ಸಂಜೆ ನಿನ್ನೆಯ ಸಂಜೆಯ ಹಾಗೆಯೇ ಆಯಿತು. ಗಂಟೆ ಬಾರಿಸಿದ ಮೇಲೆ ಮೊದಲ ಬೆಂಚಿನ ದಿಲನಾಜ ಅವನ ಹಿಂದೆಯೇ ವರಾಂಡದವರೆಗೂ ಬಂದಿದ್ದಳು. “ಹಂಗಾದ್ರ ಸರ, ನಿಮ್ಮ ಅಜ್ಜಿ ಆ ಹದಿನೈದು ದಿನ ಯಾವ ಕಾಲದಾಗ ಇದ್ರು?” ಅವನಿಗೆ ಉತ್ತರ ಹೊಳೆದಿರಲಿಲ್ಲ. ಹೊಳೆಯದೆ ಇದ್ದುದಕ್ಕೇ ಖುಷಿಯಾಗಿತ್ತು. ಅಂಥ ಖುಷಿ ಆಮೇಲೆ ಮತ್ತೆ ಆದದ್ದು ಅವನಿಗೆ ನೆನಪಿಲ್ಲ.

ಮುಂದಿನ ನೆನಪು ಧಾರವಾಡದ ಮೌಲ್ಯಮಾಪನದ ಒಂದು ಉದ್ದನೆಯ ಹಾಲ್, ಸಾಲಾಗಿ ಹಾಕಿದ ಮೇಜುಗಳು, ಡಿಸೆಂಬರಿನ ಚಳಿ. ಅವನ ಎದುರಿಗೆ ಬಂದ ಕಟ್ಟಿನಲ್ಲಿ ಒಂದು ಪತ್ರಿಕೆ. ಹೆಸರಿಲ್ಲ, ಬರೀ ಅಂಕಿ. ದಿಲನಾಜಳದರ ಹಾಗೆ ದುಂಡನೆಯ ಅಕ್ಷರ. ಮಧ್ಯಯುಗದ ಪ್ರಶ್ನೆಗೆ ಎರಡು ಪುಟ ಬರೆದು ಕೊನೆಯಲ್ಲಿ: ‘ಯುಗ ಬದಲಾದ ದಿನ ಅಗಡಿಯ ಹೊಲದಲ್ಲಿ ಎಡೆ ಹೊಡೆಯುತ್ತಿದ್ದವನಿಗೆ...’ ತನ್ನದೇ ಮಾತೆಂದು ಲಕ್ಕಪ್ಪನಿಗೆ ತಕ್ಷಣ ಗೊತ್ತಾಯಿತು. ಅದೇ ಹೊತ್ತಿಗೆ ಬೆನ್ನ ಹಿಂದೆ ಬಂದು ನಿಂತ ಮುಖ್ಯಸ್ಥರು ಪತ್ರಿಕೆ ಎತ್ತಿಕೊಂಡು ಆ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದರು. “ದಿಲ್ಲಿ ಇತಿಹಾಸದಾಗ ಈ ಅಗಡಿ ಎಲ್ಲಿಂದ ಬಂತ್ರಿ? ಯಾವ ಪುಣ್ಯಾತ್ಮ ಕಲಿಸ್ಯಾನ ಇದನ್ನ?” ಹಾಲ್ ನಕ್ಕಿತು. ಯಾರೋ ಕೇಳಿದರು, “ಅಗಡಿ ನಿಮ್ಮ ಊರ ಅಲ್ಲೇನ್ರಿ ಲಕ್ಕಪ್ಪ?” “ಊರು ನಮ್ಮದ ಖರೇ,” ಎಂದಿದ್ದ ಅವನು, ತಾನೂ ನಗುತ್ತ, “ಇಂಥಾದ್ದೆಲ್ಲಾ ನಾ ಯಾಕ ಹೇಳ್ಲಿ?” ಆಮೇಲೆ ಎರಡು ಪುಟಗಳ ಮೇಲೂ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು ಸೊನ್ನೆ ಹಾಕಿದ. ಒಟ್ಟು ಕೂಡಿಸಿದಾಗ ಪಾಸಾಗಲು ಮೂರು ಅಂಕ ಕಡಿಮೆ. ಮುಖ್ಯಸ್ಥರು ಮುಂದಿನ ಮೇಜಿಗೆ ಹೋಗಿದ್ದರು, ಬೇಕಾಗಿದ್ದರೆ ತಿದ್ದಬಹುದಿತ್ತು. ಪತ್ರಿಕೆಯನ್ನು ನೋಡಿ ಮುಗಿದವುಗಳ ರಾಶಿಗೆ ಸೇರಿಸಿದ. ರಜೆ ಮುಗಿದು ಕಾಲೇಜು ಶುರುವಾದಾಗ ಮೊದಲ ಬೆಂಚಿನ ಆ ಜಾಗ ಖಾಲಿಯಿತ್ತು. ವಾರ ಕಳೆಯಿತು, ತಿಂಗಳು ಕಳೆಯಿತು. ಯಾಕೆ ಬರುತ್ತಿಲ್ಲವೆಂದು ಅವನು ಯಾರನ್ನೂ ಕೇಳಲಿಲ್ಲ. ಕೇಳುವುದೇನಿತ್ತು, ತನಗೇ ಗೊತ್ತಿತ್ತಲ್ಲ.

ಬ್ಯಾಡಗಿ ಇನ್ನೂ ಒಂದು ಮೈಲು ಇರುವಾಗಲೇ ಡಬ್ಬಿಯಲ್ಲಿ ಯಾರೋ ಕೆಮ್ಮಿದರು, ಆಮೇಲೆ ಇನ್ನೊಬ್ಬರು. ಫೆಬ್ರುವರಿಯ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು. ಸ್ಟೇಷನ್ ರಸ್ತೆಯಲ್ಲಿ ಮನೆ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಕಟ್ಟೆಯ ಮೇಲೆ ಗುಡ್ಡೆ ಹಾಕಿದ ಕೆಂಪು ಕಾಯಿಯ ನಡುವೆ ಮೂರ್ನಾಲ್ಕು ಹೆಂಗಸರು ತೊಟ್ಟು ಬಿಡಿಸುತ್ತ ಕೂತಿದ್ದರು. ಅವರಲ್ಲಿ ಹಿರಿಯಳು ಸೆರಗಿನಿಂದ ಮೂಗು ಒರೆಸಿಕೊಂಡು ಅವನನ್ನು ನೋಡಿದಳು.

“ದಿಲನಾಜನ ಮನಿ ಇದೇನ್ರಿ? ನಾ ಹಾವೇರಿ ಕಾಲೇಜಿನಾಂವ. ಲಕ್ಕಪ್ಪ ಅಂತ.”

“ಬರ್ರಿ ಸರ್ರ, ಬರ್ರಿ. ನಾ ಆಕಿ ಅಮ್ಮಾ, ಮೈಮುನಾಬಿ.” ಅವಳು ಗಡಬಡಿಸಿ ಎದ್ದು, ಕೆಂಪಾದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. “ಕುಂದ್ರಿ. ಆಕಿ ರಾಣೆಬೆನ್ನೂರಾಗ ಇರ್ತಾಳ್ರಿ ಈಗ, ಬೀಜದ ಕಂಪನ್ಯಾಗ. ನಿಮ್ಮ ಹೆಸರ ಭಾಳ ಹೇಳ್ತಿದ್ಲು.”

ಏನು ಹೇಳುತ್ತಿದ್ದಳು ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಮೈಮುನಾಬಿ ಕುಡಿಯಲು ನೀರು ಕೊಟ್ಟಳು, ಕಂಪನಿ ಎಲ್ಲಿದೆಯೆಂದು ಹೇಳಿದಳು. ಇಷ್ಟು ವರ್ಷದ ಮೇಲೆ ಕಾಲೇಜಿನ ಮಾಸ್ತರರೊಬ್ಬರು ಮನೆ ಹುಡುಕಿಕೊಂಡು ಬಂದದ್ದೇಕೆ ಎಂದು ಅವಳೂ ಕೇಳಲಿಲ್ಲ. ಮಾಸ್ತರರು ಬಂದರೆ ಒಳ್ಳೆಯದಕ್ಕೇ ಬಂದಿರುತ್ತಾರೆ ಎಂಬ ಅವಳ ನಂಬಿಕೆ ಅವನನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅಲ್ಲಿಂದಲೇ ತಿರುಗಿ ಹೋಗಬಹುದಿತ್ತು. ಹಾವೇರಿಗೂ ರಾಣೆಬೆನ್ನೂರಿಗೂ ಬಸ್ಸು ಸಿಗುವುದು ಒಂದೇ ನಿಲ್ದಾಣದಲ್ಲಿ. ಮೊದಲು ಬಂದದ್ದು ರಾಣೆಬೆನ್ನೂರಿನದು, ಅವನು ಹತ್ತಿದ.

ಬಸ್ಸಿನಲ್ಲಿ ಮನಸ್ಸು ಆಡಬೇಕಾದ ಮಾತುಗಳನ್ನು ಜೋಡಿಸುತ್ತಿತ್ತು. ನಿನ್ನ ಜೀವನ ಹಾಳು ಮಾಡಿದವ ನಾನು. ಬೇಡ, ಅದು ನಾಟಕದ ಮಾತಾಯಿತು. ಒಂದು ತಪ್ಪು ಆಗಿತ್ತು. ಬೇಡ, ತಪ್ಪು ತಾನಾಗಿ ಆಗಲಿಲ್ಲ, ಮಾಡಿದ್ದು. ಪಕ್ಕದಲ್ಲಿ ಕೂತ ಮುದುಕ ಅವನ ತುಟಿಗಳು ಅಲುಗುವುದನ್ನು ನೋಡಿ, ಜಪ ಮಾಡುತ್ತಿದ್ದಾನೆಂದು ತಿಳಿದು, ಗೌರವದಿಂದ ಸ್ವಲ್ಪ ಸರಿದು ಕೂತ. ಅವಳು ಹೇಗಿರಬಹುದು? ಬೀಜದ ಕಂಪನಿಯ ಗೇಟಿನ ಹತ್ತಿರ ಚೀಲ ಹೊಲಿಯುವ ಹೆಂಗಸರ ಸಾಲು ಅವನಿಗೆ ಗೊತ್ತಿತ್ತು; ಆ ಸಾಲಿನಲ್ಲಿ ಅವಳನ್ನು ಅವನು ಎಷ್ಟೋ ಸಲ ಕೂರಿಸಿ ನೋಡಿದ್ದ, ತಲೆ ಬಗ್ಗಿಸಿಕೊಂಡು, ಮಾಸಿದ ಓಢಣಿಯಲ್ಲಿ.

ಆಟೋದವನು ಇಳಿಸಿದ್ದು ಊರ ಹೊರಗಿನ ಬಿಳಿಯ ಕಟ್ಟಡದ ಮುಂದೆ. ಕಾವಲುಗಾರ ಅವನನ್ನು ಒಳಗಿನ ತಣ್ಣನೆಯ ಕೋಣೆಗೆ ಕಳಿಸಿದ. ಬಿಳಿಯ ಕೋಟು ಹಾಕಿಕೊಂಡ, ಕನ್ನಡಕದ ಹೆಂಗಸೊಬ್ಬಳು ಒದ್ದೆ ಕಾಗದದ ಮೇಲೆ ಸಾಲಾಗಿಟ್ಟ ಮೆಣಸಿನಬೀಜಗಳನ್ನು ಚಿಮುಟದಿಂದ ಎಣಿಸುತ್ತಿದ್ದಳು. ತಲೆ ಎತ್ತಿದಳು. ಒಂದು ಗಳಿಗೆ ನೋಡಿ ಚಿಮುಟ ಕೆಳಗಿಟ್ಟಳು.

“ಸರ. ನೀವು ಇಲ್ಲಿ?”

“ನಿಮ್ಮ ಅಮ್ಮಾ ಹೇಳಿದ್ರು, ಇಲ್ಲಿ ಇರ್ತಾಳಂತ.”

“ಮನಿಗೂ ಹೋಗಿದ್ರೇನ್ರಿ? ಕುಂದ್ರಿ ಸರ, ಕುಂದ್ರಿ.” ಅವಳ ಮುಖದಲ್ಲಿ ಬರೀ ಸಂತೋಷವೇ ಇತ್ತು, ಅವನು ಸಜ್ಜುಗೊಳಿಸಿಕೊಂಡು ಬಂದ ಮಾತುಗಳಿಗೆ ಅಲ್ಲಿ ಜಾಗವಿರಲಿಲ್ಲ. ಅವಳು ತಾನೇ ಮಾತಾಡಿದಳು. ಮೊದಲು ಹೊಲದಲ್ಲಿ ಒಂದು ಹೂವಿನ ಪರಾಗ ಇನ್ನೊಂದಕ್ಕೆ ಮುಟ್ಟಿಸಿ ಹೂ ಕೂಡಿಸುವ ಕೆಲಸ, ಆಮೇಲೆ ಇಲ್ಲಿ ಸಹಾಯಕಿ, ಈಗ ಮೊಳಕೆ ಪರೀಕ್ಷೆಯ ಕೋಣೆ ಪೂರ್ತಿ ಅವಳದೇ. ಏಳನೆಯ ದಿನ ಒಮ್ಮೆ, ಹದಿನಾಲ್ಕನೆಯ ದಿನ ಒಮ್ಮೆ ಎಣಿಸಬೇಕು. ಹದಿನಾಲ್ಕಕ್ಕೆ ಮೊಳೆಯದ್ದು ಲೆಕ್ಕಕ್ಕಿಲ್ಲ.

“ಹದಿನೈದನೇ ದಿನ ಮೊಳೆತ್ರ?” ಎಂದು ಅವನು ತನಗೆ ಅರಿವಿಲ್ಲದೆಯೇ ಮಾಸ್ತರನ ದನಿಯಲ್ಲಿ ಕೇಳಿದ.

“ಮೊಳೀತಾವ್ರಿ ಕೆಲವು. ಕಾಗದದ ಮ್ಯಾಲೆ ಸತ್ತಾವು, ಖರೇ ಅಂದ್ರ ಬದುಕ್ಯಾವು.” ಅವಳು ನಕ್ಕಳು. “ಆದ್ರ ಎಲ್ಲೋ ಒಂದ್ ಕಡೆ ಗೆರಿ ಹೊಡೀಬೇಕಲ್ರಿ ಸರ. ಇಲ್ಲಂದ್ರ ಬಿತ್ತಾಂವಗ ಏನಂತ ಹೇಳೋದು? ಗೆರಿ ನಾವು ಹೊಡದದ್ದು ಅನ್ನೋದು ನೆನಪಿದ್ರ ಸಾಕು.”

ಗೆರೆ ಎಂಬ ಮಾತು ಬಂದದ್ದೇ ಅವನು ಕುರ್ಚಿಯಲ್ಲಿ ಮುಂದೆ ಸರಿದ. ಆಮೇಲೆ ಹೇಳಲಾಗುವುದಿಲ್ಲ ಎಂದು ತಿಳಿದು ಒಂದೇ ಉಸಿರಿಗೆ ಹೇಳಿಬಿಟ್ಟ: ಧಾರವಾಡದ ಹಾಲ್, ಅಗಡಿಯ ಸಾಲು, ನಗು, ಎರಡು ಪುಟದ ಮೇಲಿನ ಕೆಂಪು ಗೆರೆ, ಮೂರು ಅಂಕ. “ನಿನ್ನ ಪೇಪರ್ ನಾನ ಫೇಲ್ ಮಾಡಿದ್ದು, ದಿಲನಾಜ. ಅದಕ್ಕ ನೀ ಕಾಲೇಜ ಬಿಟ್ಟಿ. ನನಗ ಗೊತ್ತೈತಿ.”

ದಿಲನಾಜಳ ಹುಬ್ಬು ಕೂಡಿದವು. ಏನನ್ನೋ ಲೆಕ್ಕ ಹಾಕುತ್ತಿದ್ದ ಹಾಗಿತ್ತು.

“ಸರ, ನಾ ಆ ಪರೀಕ್ಷೆಗೆ ಕುಂತೇ ಇಲ್ರಿ.”

“ಅಂದ್ರ?”

“ಪರೀಕ್ಷೆ ಇನ್ನೂ ನಾಕ್ ದಿನ ಐತಿ ಅನ್ನೂವಾಗ ನಮ್ಮ ಅಬ್ಬಾ ತೀರ್ಕೊಂಡ್ರು. ಲಾರಿ ಮ್ಯಾಲೆ ಇದ್ರಲ್ರಿ, ಗಾಡಿ ಓಡಸ್ತಿದ್ದಂಗ ಎದಿ ಹಿಡ್ಕೊಂಡಿತ್ತು. ಹಾಲ್ ಟಿಕೆಟ್ ತರಾಕ ಸೈತ ನಾ ಬರಲಿಲ್ಲ.”

ಲಕ್ಕಪ್ಪನಿಗೆ ಮೊದಲು ಅನಿಸಿದ್ದು ಬಿಡುಗಡೆಯಲ್ಲ, ಒಂದು ವಿಚಿತ್ರ ನಾಚಿಕೆ. ಶಮಶೇರಸಾಬ ಸತ್ತು ಹನ್ನೊಂದು ವರ್ಷ. ನಿನ್ನೆ ರಜಿಸ್ಟರಿನಲ್ಲಿ ಆ ಹೆಸರು ಓದಿದಾಗಲೂ ಅದು ಜೀವವಿದ್ದ ಮನುಷ್ಯನ ಹೆಸರೆಂದೇ ಓದಿದ್ದ. ಒಂದು ಮನೆಯಲ್ಲಿ ತಂದೆ ಸತ್ತಿದ್ದ, ಮಗಳು ಪುಸ್ತಕ ಕಟ್ಟಿಟ್ಟು ಹೊಲಕ್ಕೆ ಹೋಗಿದ್ದಳು; ಅವನು ಮಾತ್ರ ಇಷ್ಟು ವರ್ಷ, ಅವಳ ಬದುಕು ಎರಡು ಹೋಳಾದದ್ದು ತನ್ನ ಕೆಂಪು ಪೆನ್ನಿನಿಂದ ಎಂದು ನಂಬಿಕೊಂಡು ಕೊರಗುತ್ತಿದ್ದ. ಕೊರಗಿನಲ್ಲಿಯೂ ಎಂಥ ಸೊಕ್ಕು. ಒಬ್ಬಳ ಬದುಕಿನಲ್ಲಿ ಎಲ್ಲಿ ಒಂದು ಕಾಲ ಮುಗಿದು ಇನ್ನೊಂದು ಶುರುವಾಯಿತೆಂದು ಅವಳನ್ನು ಒಂದು ಮಾತೂ ಕೇಳದೆ ತಾನೇ ತೀರ್ಮಾನಿಸಿಬಿಟ್ಟಿದ್ದ, ತನ್ನನ್ನೇ ನಡುವೆ ನಿಲ್ಲಿಸಿಕೊಂಡು.

“ನನಗ ಗೊತ್ತಾಗ್ಲೇ ಇಲ್ಲ,” ಎಂದ. “ಕೇಳಬೇಕಾಗಿತ್ತು ನಾ.”

“ಇರ್ಲಿ ಬಿಡ್ರಿ. ನನಗೂ ಕಾಲೇಜ ಬಿಟ್ಟೇನಿ ಅಂತ ಆವಾಗ ಅನಿಸಿದ್ದಿಲ್ಲ. ಬರೂ ವರ್ಷ ಹೋಗ್ತೀನಿ, ಅದರ ಮುಂದಿನ ವರ್ಷ ಹೋಗ್ತೀನಿ ಅಂತ ಬಸ್ ಪಾಸ್ ಪರ್ಸಿನ್ಯಾಗ ಇಟ್ಕೊಂಡ ಅಡ್ಡಾಡಿದ್ನಿ. ಒಂದಿನ ಪರ್ಸ್ ಬದಲ್ ಮಾಡುವಾಗ ನೋಡಿದ್ನಿ, ಇನ್ನ ಆಗಂಗಿಲ್ಲ ಅನಸ್ತು. ಆವಾಗ ಎರಡು ವರ್ಷ ಆಗಿತ್ತು.” ಅವಳು ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿದಳು. “ಆದ್ರ ಸರ, ಆ ಪೇಪರ್ ಯಾರದು ಅಂತ ನನಗ ಗೊತ್ತಾತು. ಅನೀಸಂದು.”

ಅನೀಸ ಅವಳ ಸೋದರಮಾವನ ಮಗ, ಅದೇ ತರಗತಿಯವನು, ಹಿಂದಿನ ಬೆಂಚಿನ ಹುಡುಗ. ಪಾಠ ನಡೆಯುವಾಗ ಅವನು ಪೆನ್ನು ಮುಟ್ಟಿದ್ದನ್ನು ಲಕ್ಕಪ್ಪ ಕಂಡಿರಲಿಲ್ಲ. ಪರೀಕ್ಷೆ ಬಂದಾಗ ದಿಲನಾಜಳ ನೋಟುಪುಸ್ತಕವನ್ನೇ ಒಯ್ದು ಬಾಯಿಪಾಠ ಮಾಡಿದ್ದನಂತೆ. ಅಕ್ಷರವೂ ಅವಳದರ ಹಾಗೇ. ಬ್ಯಾಡಗಿಯ ಶಾಲೆಯಲ್ಲಿ ಇಬ್ಬರಿಗೂ ಅಕ್ಷರ ತಿದ್ದಿಸಿದವರು ಒಬ್ಬರೇ ಶಿಕ್ಷಕಿ. ಇತಿಹಾಸದಲ್ಲಿ ಮೂರು ಅಂಕಕ್ಕೆ ಫೇಲಾಗಿ, ಮರು ಮೌಲ್ಯಮಾಪನಕ್ಕೆ ಅರ್ಜಿ ಹಾಕಿದ.

“ಪಾಸಾದ್ರಿ. ಯಾರೋ ಆ ಉತ್ತರಕ್ಕ ಎಂಟು ಹಾಕಿದ್ರು. ಈಗ ಕಾಗಿನೆಲ್ಯಾಗ ಹೈಸ್ಕೂಲ್ ಮಾಸ್ತರ. ಇತಿಹಾಸನ ಕಲಸ್ತಾನ.”

ಎಂಟು. ಯಾವುದೋ ಊರಿನ, ಹೆಸರು ಗೊತ್ತಿಲ್ಲದ ಒಬ್ಬ ಅಧ್ಯಾಪಕ, ಬಹುಶಃ ತನ್ನ ಹಾಗೆಯೇ ಸ್ವೆಟರ್ ಹಾಕಿಕೊಂಡು ಚಳಿಯಲ್ಲಿ ಕೂತು, ಕೆಂಪು ಗೆರೆಯ ಕೆಳಗಿನ ಅಕ್ಷರಗಳನ್ನು ತಾಳ್ಮೆಯಿಂದ ಓದಿ ಎಂಟು ಹಾಕಿದ್ದ. ಅಗಡಿ ಅವನ ಊರಾಗಿರಲಿಲ್ಲ. ಲಕ್ಕಪ್ಪನ ಎದೆಯೊಳಗೆ ಏನೋ ಸಡಿಲಾಯಿತು, ಜೊತೆಗೇ ಸಣ್ಣದೊಂದು ಮುಳ್ಳೂ ಆಡಿತು. ಇಲ್ಲಿಗೇ ಎದ್ದು ಹೋಗಬಹುದು ಎಂದು ಮನಸ್ಸು ಹೇಳಿತು. ಯಾರಿಗೂ ಏನೂ ಆಗಿಲ್ಲ, ಎಲ್ಲ ಸರಿಹೋಗಿದೆ. ಚಹಾ ಕುಡಿದು, ಚೆನ್ನಾಗಿರು ಎಂದು ಹೇಳಿ ಹೋಗುವುದು. ಅವನು ಚೀಲ ತೆಗೆದುಕೊಂಡು ಎದ್ದೂ ನಿಂತ. ನಿಂತವನಿಗೆ ಧಾರವಾಡದಲ್ಲಿ ಆ ಪತ್ರಿಕೆಯನ್ನು ರಾಶಿಗೆ ಸೇರಿಸಿದಾಗಿನ ಕೈಯ ನೆನಪಾಯಿತು. ಆ ಕೈಯೂ ಹೀಗೇ ಹಗುರಾಗಿತ್ತು.

“ಅವಗ ಫೋನ್ ಹಚ್ಚು,” ಎಂದ.

ಶನಿವಾರದ ಅರ್ಧ ದಿನದ ಶಾಲೆ ಬಿಟ್ಟಿತ್ತು. ದಿಲನಾಜ ಎರಡು ಮಾತಾಡಿ ಫೋನು ಅವನ ಕೈಗೆ ಕೊಟ್ಟಳು. “ಸರ, ಆರಾಮ ಅದೀರೇನ್ರಿ?” ಎಂಬ ಗಂಡಸಿನ ತುಂಬು ದನಿ. ಲಕ್ಕಪ್ಪ ಪೀಠಿಕೆ ಹಾಕಲಿಲ್ಲ. “ಅನೀಸ, ಆ ಸಲ ಇತಿಹಾಸದಾಗ ನಿನ್ನ ಉತ್ತರಕ್ಕ ಸೊನ್ನಿ ಹಾಕಿದಾಂವ ನಾನು.”

ಹಿನ್ನೆಲೆಯಲ್ಲಿ ಎಲ್ಲೋ ಬಸ್ಸಿನ ಹಾರ್ನು.

“ಖರೇ ಹೇಳ್ತೀರೇನ್ರಿ?”

“ಖರೇ. ನನ್ನ ಮಾತು ಅಂತ ಗೊತ್ತಿತ್ತು. ಎಲ್ಲಾರೂ ನಕ್ಕರು, ನಾನೂ ನಕ್ಕೆ.”

“ನಾ ಆವಾಗ ಮೂರು ತಿಂಗಳ ನಮ್ಮ ಅಬ್ಬಾನ ಮುಖಾ ನೋಡಿ ಮಾತಾಡಿದ್ದಿಲ್ರಿ,” ಎಂದ ಅನೀಸ ನಿಧಾನವಾಗಿ. “ಎಲ್ಲಾರ ಮುಂದೂ ಒಂದ ಹೇಳ್ತಿದ್ನಿ: ಯಾವನೋ ತಿಳೀಲಾರದಾಂವ ನೋಡ್ಯಾನ, ನಮ್ಮ ಲಕ್ಕಪ್ಪ ಸರ್ ಕೈಗೆ ಸಿಕ್ಕಿದ್ರ ಹತ್ತಕ್ಕ ಹತ್ತು ಬೀಳ್ತಿದ್ದವು ಅಂತ.”

ಲಕ್ಕಪ್ಪ ಕಣ್ಣು ಮುಚ್ಚಿಕೊಂಡ. ಹನ್ನೊಂದು ವರ್ಷದಲ್ಲಿ ತನ್ನನ್ನು ತಾನು ಎಷ್ಟೋ ಬೈದುಕೊಂಡಿದ್ದ, ಇಷ್ಟು ನೆಟ್ಟಗೆ ನಾಟುವ ಮಾತು ಅವನಿಗೆ ಹೊಳೆದಿರಲಿಲ್ಲ.

“ತಪ್ಪಾತು ನಂದು,” ಎಂದ.

ಅನೀಸ ನಗುವ ಸದ್ದು, ಮೊದಲು ಮೂಗಿನಲ್ಲಿ, ಆಮೇಲೆ ಬಾಯಿತುಂಬ. “ಅಲ್ರಿ ಸರ, ನಿಮ್ಮ ಮಾತಿಗೆ ನೀವ ಸೊನ್ನಿ ಹಾಕ್ಕೊಂಡ್ರೇನು? ನಾ ಒಂದಕ್ಷರ ಸ್ವಂತದ್ದು ಬರದಿದ್ದಿಲ್ರಿ, ಎಲ್ಲಾ ನಿಮ್ಮವ. ಈಗೂ ನಮ್ಮ ಹುಡುಗರಿಗೆ ಅದನ್ನ ಹೇಳ್ತೀನಿ. ಪುಸ್ತಕದಾಗಿನ ಇಸ್ವಿ ಬರಸ್ತೀನಿ, ಆಮ್ಯಾಲೆ ಪುಸ್ತಕ ಮುಚ್ಚಿಸಿ ಇದನ್ನ ಹೇಳ್ತೀನಿ. ಅಗಡಿ ಬದ್ಲಿ ಕಾಗಿನೆಲಿ ಅಂತೀನಿ, ಅಷ್ಟ ಫರಕು.”

“ಹುಡುಗರು ಏನಂತಾರ?”

“ನಗ್ತಾರ್ರಿ. ಆದ್ರ ಆಮ್ಯಾಲೆ ಒಬ್ಬರೋ ಇಬ್ಬರೋ ಸುಮ್ಮನಾಗಿ ಕಿಡಕ್ಯಾಗಿಂದ ಹೊಲದ ಕಡೆ ನೋಡ್ತಾರ.”

ಕಾಗಿನೆಲೆಗೆ ಬರುತ್ತೇನೆಂದು ಹೇಳಿ ಫೋನು ಮರಳಿಸಿದ. ದಿಲನಾಜ ತರಿಸಿದ ಚಹಾ ತಣ್ಣಗಾಗಿತ್ತು, ಕುಡಿದ. ಹೊರಡುವಾಗ ಅವಳು ಗೇಟಿನವರೆಗೂ ಬಂದಳು. ದೂರದ ಪದವಿ ಅಂತ ಏನೋ ಇದೆಯಲ್ಲ, ಮನೆಯಲ್ಲೇ ಕೂತು ಬರೆಯುವುದು, ಅದಕ್ಕೆ ಯಾವಾಗ ಹಣ ಕಟ್ಟಬೇಕು ಎಂದು ಕೇಳಿದಳು. ವಿಚಾರಿಸಿ ಹೇಳುತ್ತೇನೆಂದ, ತಾನು ಮರೆತರೆ ಅವಳೇ ಫೋನು ಮಾಡಿ ಕೇಳಲೆಂದು ತನ್ನ ನಂಬರು ಕೊಟ್ಟ.

ರಾಣೆಬೆನ್ನೂರು ಬಸ್ ನಿಲ್ದಾಣದ ಸಿಮೆಂಟಿನ ಬೆಂಚಿನ ಮೇಲೆ ಕೂತು ಚೀಲದಿಂದ ಮಾದರಿ ಉತ್ತರದ ಹಾಳೆ ತೆಗೆದ. ಪಕ್ಕದಲ್ಲಿ ಒಬ್ಬ ಹೆಂಗಸು ಕೂಸಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು. ಒಂಬತ್ತನೆಯ ಪ್ರಶ್ನೆಯ ಎದುರಿಗೆ ಬರೆದ: ‘ಕ್ರಿ.ಶ. ೬೪೭, ೧೨೦೬ ಅಥವಾ ಬೇರೆ ಯಾವುದೇ ಕಾಲವನ್ನು ವಿದ್ಯಾರ್ಥಿ ಕಾರಣಸಹಿತ ಬರೆದಿದ್ದರೆ ಅಂಕ ಕೊಡುವುದು. ಯುಗದ ಆರಂಭವನ್ನು ಇಂಥದೇ ದಿನ ಎಂದು ಹೇಳಲಾಗದು ಎಂಬುದನ್ನು ಸಾಮಾನ್ಯ ಜನರ ಬದುಕಿನಿಂದ ಉದಾಹರಣೆ ಕೊಟ್ಟು ವಿವರಿಸಿದ್ದರೆ ಪೂರ್ಣ ಅಂಕ. ಉದಾಹರಣೆಯಲ್ಲಿ ಬರುವ ಊರು ಚಿಕ್ಕದೆಂಬ ಕಾರಣಕ್ಕೆ ಅಂಕ ಕಡಿತ ಮಾಡಬಾರದು.’ ಕೊನೆಯ ವಾಕ್ಯವನ್ನು ಹೊಡೆದುಹಾಕಬೇಕೆನಿಸಿತು. ಸೋಮವಾರ ಇದನ್ನು ಓದಿ ಯಾರಾದರೂ ನಗುತ್ತಾರೆ. ನಗಲಿ. ಕೆಳಗೆ ಸಹಿ ಹಾಕಿ ಮಡಚಿಟ್ಟ.

ಹುಬ್ಬಳ್ಳಿಯ ಬಸ್ಸು ಬಂತು. ಹಾವೇರಿಗೆ ಟಿಕೆಟ್ ತೆಗೆದುಕೊಂಡು ಹಿಂದಿನ ಸೀಟಿನಲ್ಲಿ ಕೂತ. ಮಧ್ಯಾಹ್ನದ ಬಿಸಿಲು ತೊಡೆಯ ಮೇಲೆ ಬಿದ್ದಿತ್ತು; ಊರು ದಾಟಿ ಹೆದ್ದಾರಿಗೆ ಬಂದದ್ದು ನೆನಪಿದೆ, ಆಮೇಲಿನದಿಲ್ಲ. ಯಾರೋ ಭುಜ ಅಲುಗಿಸಿದಾಗ ಕಣ್ಣು ಬಿಟ್ಟ. ಕಂಡಕ್ಟರ್.

“ಎಲ್ಲಿಗ್ರಿ ನೀವು?”

“ಹಾವೇರಿ.”

“ಇದು ಬಂಕಾಪುರ ಕ್ರಾಸ್ರಿ. ಹಾವೇರ್ಯಾಗ ಬಸ್ಸು ಹತ್ತು ಮಿನಿಟು ನಿಂತಿತ್ತು, ಎಲ್ಲಾರೂ ಇಳದ್ರು, ಹತ್ತಿದ್ರು.”

“ಯಾವಾಗ ದಾಟಿತು?”

“ಯಾವಾಗಂತ ಹೇಳ್ಲಿ,” ಎಂದ ಕಂಡಕ್ಟರ್ ಬೇಸರವಿಲ್ಲದೆ. “ಆಗ್ಲೇ ದಾಟೇತ್ರಿ.”

ಲಕ್ಕಪ್ಪನಿಗೆ ನಗು ಬಂತು. ಇಳಿದು ರಸ್ತೆಯ ಆಚೆ ಬದಿಗೆ ಹೋಗಿ, ತಿರುಗಿ ಹೋಗುವ ಬಸ್ಸಿಗೆ ಕಾಯುತ್ತ ಬೇವಿನ ಮರದ ಕೆಳಗೆ ನಿಂತ. ಪುಷ್ಪಲತಾಳ ಫೋನು ಬಂತು, ಎಲ್ಲಿದ್ದೀರಿ ಎಂದಳು.

“ಬಂಕಾಪುರದಾಗ.”

“ಅಲ್ಲೇನೈತಿ?”

“ಏನಿಲ್ಲ. ನಿದ್ದಿ ಹತ್ತಿತ್ತು. ಮನಿಗೆ ಬಂದು ಎಲ್ಲಾ ಹೇಳ್ತೀನಿ, ಹೇಳೋದು ಭಾಳ ಐತಿ.”

“ಊಟಕ್ಕ ಕಾಯ್ತೀನಿ, ಲಗೂ ಬರ್ರಿ,” ಎಂದಳು. ಅವನು ಹೂಂ ಎಂದ. ಒಂದು ಬಸ್ಸು ಬಂತು, ತುಂಬಿತ್ತು, ನಿಲ್ಲದೆ ಹೋಯಿತು. ಅವನಿಗೆ ಅವಸರವೇನೂ ಆಗಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಇನ್ನೊಂದರ ದಾರಿ ನೋಡುತ್ತ ನಿಂತ.